ಎಸ್ ಮೋಡ್: ಬೀಗವೇನೋ ಭದ್ರ, ಕೀಲಿಕೈ ಯಾರ ಬಳಿ?

ಕಡಿಮೆ ಬೆಲೆಯ ಹೊಸ ಲ್ಯಾಪ್‌ಟಾಪೊಂದನ್ನು ಕೊಂಡು ತಂದಿದ್ದೀರಿ ಎಂದುಕೊಳ್ಳಿ. ಪ್ರಶ್ನೆಪತ್ರಿಕೆ ಸಿದ್ಧಪಡಿಸಲು ‘ನುಡಿ’ ತಂತ್ರಾಂಶ ಬೇಕು. ಅಂತರಜಾಲದಿಂದ ಅದರ ಕಡತವನ್ನು ಇಳಿಸಿಕೊಂಡು ಕ್ಲಿಕ್ ಮಾಡುತ್ತೀರಿ. ತಂತ್ರಾಂಶ ತೆರೆಯುವುದಿಲ್ಲ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಪಡೆದ ತಂತ್ರಾಂಶಗಳಷ್ಟೇ ಇಲ್ಲಿ ನಡೆಯುತ್ತವೆ ಎಂಬ ಸೂಚನೆ ಪರದೆಯ ಮೇಲೆ ಮೂಡುತ್ತದೆ. ಗಣಕ ಕೆಟ್ಟಿಲ್ಲ, ವೈರಸ್ಸೂ ಹೊಕ್ಕಿಲ್ಲ. ಅದು ‘ಎಸ್ ಮೋಡ್’ನಲ್ಲಿದೆ, ಅಷ್ಟೆ.

ಈ ವ್ಯವಸ್ಥೆ ಹುಟ್ಟಿದ್ದೇ ಶಾಲೆಗಳನ್ನು ಗಮನದಲ್ಲಿಟ್ಟುಕೊಂಡು. ಮೈಕ್ರೋಸಾಫ್ಟ್ ಸಂಸ್ಥೆಯು 2017ರ ಮೇ 2ರಂದು ನ್ಯೂಯಾರ್ಕ್‌ನಲ್ಲಿ ‘ವಿಂಡೋಸ್ 10 ಎಸ್’ ಎಂಬ ಆವೃತ್ತಿಯನ್ನು ಪ್ರಕಟಿಸಿತು. 189 ಡಾಲರ್‌ನಿಂದ ಆರಂಭವಾಗುವ ಲ್ಯಾಪ್‌ಟಾಪ್‌ಗಳು ಇದರೊಂದಿಗೆ ಬರಲಿವೆ ಎಂದೂ ಹೇಳಿತು. ಅಮೆರಿಕದ ತರಗತಿಗಳನ್ನು ಆಗಲೇ ಆಕ್ರಮಿಸಿದ್ದ ಗೂಗಲ್‌ನ ಕ್ರೋಮ್‌ಬುಕ್‌ಗಳಿಗೆ ಇದು ಉತ್ತರವಾಗಿತ್ತು. 2018ರಲ್ಲಿ ಅದು ಪ್ರತ್ಯೇಕ ಆವೃತ್ತಿಯಾಗಿ ಉಳಿಯದೆ, ವಿಂಡೋಸ್‌ನೊಳಗಿನ ಒಂದು ಸ್ಥಿತಿ, ಅಂದರೆ ‘ಮೋಡ್’ ಆಯಿತು. ವಿಂಡೋಸ್ 11ರಲ್ಲಿ ಈ ಸ್ಥಿತಿ ಹೋಮ್ ಆವೃತ್ತಿಗೆ ಮಾತ್ರ ಸೀಮಿತ.

ಇದರ ಹಿಂದಿನ ತತ್ತ್ವ ಸರಳ, ಆದರೆ ಬಲವಾದದ್ದು. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಎರಡು ರೀತಿಯ ಕಾವಲು ಸಾಧ್ಯ. ಹಿಂದೆ ನಕಲು ಮಾಡಿ ಸಿಕ್ಕಿಬಿದ್ದವರ ಭಾವಚಿತ್ರಗಳನ್ನು ಹಿಡಿದು ನಿಂತು, ಅವರನ್ನು ಮಾತ್ರ ತಡೆಯುವುದು ಒಂದು. ಹಳೆಯ ಕಾಲದ ವೈರಸ್ ನಿರೋಧಕ ತಂತ್ರಾಂಶ ಮುಖ್ಯವಾಗಿ ಮಾಡುತ್ತಿದ್ದುದು ಇದನ್ನೇ; ಹೊಸ ಕಳ್ಳ ಬಂದರೆ ಅದಕ್ಕೆ ಗುರುತು ಸಿಗದು. ಪ್ರವೇಶಪತ್ರ ಇದ್ದವರನ್ನು ಮಾತ್ರ ಒಳಗೆ ಬಿಡುವುದು ಇನ್ನೊಂದು. ಎಸ್ ಮೋಡ್ ಅನುಸರಿಸುವುದು ಈ ಎರಡನೆಯದನ್ನು.

ಇಲ್ಲಿ ಪ್ರವೇಶಪತ್ರವೆಂದರೆ ಡಿಜಿಟಲ್ ಸಹಿ. ತಂತ್ರಾಂಶದ ಕಡತದಿಂದ ಗಣಿತೀಯ ಕ್ರಿಯೆಯ ಮೂಲಕ ಒಂದು ಚಿಕ್ಕ ಸಾರಸಂಖ್ಯೆಯನ್ನು ಪಡೆದು, ಅದಕ್ಕೆ ಗೋಪ್ಯ ಕೀಲಿಯಿಂದ ಸಹಿ ಹಾಕಲಾಗುತ್ತದೆ. ನಿಮ್ಮ ಗಣಕವು ಬಹಿರಂಗ ಕೀಲಿಯ ನೆರವಿನಿಂದ ಆ ಸಹಿಯನ್ನು ತಾಳೆ ನೋಡುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ತಾಳೆಯಾಗದು, ತಂತ್ರಾಂಶ ನಡೆಯದು. ಇದರ ಜೊತೆಗೆ ಕಮಾಂಡ್ ಪ್ರಾಂಪ್ಟ್, ಪವರ್‌ಶೆಲ್, ರಿಜಿಸ್ಟ್ರಿ ತಿದ್ದುವ ಸಾಧನ ಇವೆಲ್ಲಕ್ಕೂ ಬೀಗ ಬಿದ್ದಿದೆ.

ಇದರಿಂದ ಲಾಭವಿದೆಯೇ? ಖಂಡಿತ ಇದೆ. ಕಂಡಕಂಡ ಪೆನ್‌ಡ್ರೈವ್‌ಗಳನ್ನು ನುಂಗುವ ಶಾಲಾ ಗಣಕಕ್ಕೆ ಇದಕ್ಕಿಂತ ಉತ್ತಮ ಕವಚ ಸುಲಭವಾಗಿ ಸಿಗದು. ಎಸ್ ಆವೃತ್ತಿ ಪ್ರಕಟವಾದ ಹತ್ತೇ ದಿನಕ್ಕೆ, ಅಂದರೆ 2017ರ ಮೇ 12ರಂದು, ‘ವಾನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಗಣಕಗಳ ಕಡತಗಳನ್ನು ಒತ್ತೆಯಿಟ್ಟು ಹಣ ಕೇಳಿತು. (ಅದು ನುಗ್ಗಿದ ಬಿರುಕಿಗೆ ಮಾರ್ಚ್‌ನಲ್ಲೇ ತೇಪೆ ಸಿದ್ಧವಿತ್ತು, ಹಾಕಿಕೊಂಡಿರದವರು ಬಹಳ ಜನ!) ಮರು ತಿಂಗಳು, ಗೊತ್ತಿರುವ ಯಾವ ಒತ್ತೆ ತಂತ್ರಾಂಶವೂ ವಿಂಡೋಸ್ 10 ಎಸ್ ಮೇಲೆ ನಡೆಯದು ಎಂದು ಮೈಕ್ರೋಸಾಫ್ಟ್ ಹೇಳಿಕೊಂಡಿತು.

ಈ ಮಾತನ್ನು ಪರೀಕ್ಷಿಸಲು ಜೆಡ್‌ಡಿನೆಟ್ ಸುದ್ದಿತಾಣವು ಮ್ಯಾಥ್ಯೂ ಹಿಕಿ ಎಂಬ ಭದ್ರತಾ ತಜ್ಞರನ್ನು ಕೇಳಿಕೊಂಡಿತು. ಮೂರು ಗಂಟೆಗಿಂತ ತುಸು ಹೆಚ್ಚು ಸಮಯದಲ್ಲಿ ಅವರು ಗಣಕದ ಪೂರ್ಣ ಅಧಿಕಾರ ಪಡೆದರು. ಬೀಗ ಒಡೆದು ಅಲ್ಲ. ವರ್ಡ್ ತಂತ್ರಾಂಶಕ್ಕೆ ಪ್ರವೇಶಪತ್ರವಿತ್ತು. ವರ್ಡ್ ಕಡತದೊಳಗಿನ ಮ್ಯಾಕ್ರೋಗೆ, ಅಂದರೆ ಕಡತದಲ್ಲಿ ಅಡಗಿ ತಾನಾಗಿ ನಡೆಯಬಲ್ಲ ಸೂಚನೆಗಳಿಗೆ, ಯಾರೂ ಪ್ರವೇಶಪತ್ರ ಕೇಳಲಿಲ್ಲ. ಅಭ್ಯರ್ಥಿ ಅಸಲಿ, ಆದರೆ ಕಿಸೆಯಲ್ಲಿ ಚೀಟಿ! ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುವ ಏರ್ಪಾಡನ್ನು ಮೈಕ್ರೋಸಾಫ್ಟ್ ಆಫೀಸ್‌ನಲ್ಲಿ ತಂದದ್ದು 2022ರಲ್ಲಿ.

ಇಂಥ ಬಿರುಕು ಯಾವ ವ್ಯವಸ್ಥೆಯಲ್ಲೂ ಇರುತ್ತದೆ, ಮುಚ್ಚಲೂಬಹುದು. ನನ್ನ ಆಕ್ಷೇಪ ಬೇರೆ.

ಗಣಕ ವಿಜ್ಞಾನ ಓದುವ ನಿಮ್ಮ ವಿದ್ಯಾರ್ಥಿನಿ ಎರಡು ಸಂಖ್ಯೆಗಳನ್ನು ಕೂಡುವ ಪುಟ್ಟ ಸಿ ಪ್ರೋಗ್ರಾಮ್ ಬರೆದಿದ್ದಾಳೆ. ಎಸ್ ಮೋಡ್‌ನ ಗಣಕದಲ್ಲಿ ಸಾಮಾನ್ಯ ಕಂಪೈಲರ್‌ಗಳೇ ಒಳಬರುವುದಿಲ್ಲ. ಬೇರೆ ಗಣಕದಲ್ಲಿ ಕಂಪೈಲ್ ಮಾಡಿ ಪೆನ್‌ಡ್ರೈವ್‌ನಲ್ಲಿ ತಂದರೂ ಅದು ನಡೆಯುವುದಿಲ್ಲ, ಏಕೆಂದರೆ ಅದರ ಮೇಲೆ ಸಹಿ ಇಲ್ಲ. ಯಾರದೋ ಕುತಂತ್ರಾಂಶವೂ ಅವಳೇ ಬರೆದ ಹತ್ತು ಸಾಲೂ ಈ ಕಾವಲುಗಾರನ ಕಣ್ಣಿಗೆ ಒಂದೇ. ಅಂತರಜಾಲದ ಪುಟದೊಳಗೇ ಪ್ರೋಗ್ರಾಮ್ ಬರೆದು ನಡೆಸುವ ತಾಣಗಳಿವೆ ನಿಜ. ಸಂಪರ್ಕ ಇರುವಷ್ಟು ಹೊತ್ತು. ಶಾಲೆಗಳಿಗಾಗಿಯೇ ಎಂದು ಹೊರಟ ಗಣಕದಲ್ಲಿ ಕಲಿಯುವವಳ ಕೃತಿಗೇ ಪ್ರವೇಶವಿಲ್ಲವೆಂದರೆ ವಿನ್ಯಾಸದಲ್ಲೇ ದೋಷವಿದೆ.

ಭದ್ರತೆಗೆ ಇದು ಅನಿವಾರ್ಯವೆ? ಕ್ರೋಮ್‌ಬುಕ್ ನೋಡಿ. ಅದೂ ಪ್ರತಿ ಬಾರಿ ಚಾಲೂ ಆಗುವಾಗ ತನ್ನ ಕಾರ್ಯಾಚರಣ ವ್ಯವಸ್ಥೆಯ ಸಹಿಯನ್ನು ತಾಳೆ ನೋಡುತ್ತದೆ. ಆದರೆ 2018ರಿಂದ ಹಲವು ಕ್ರೋಮ್‌ಬುಕ್‌ಗಳಲ್ಲಿ ಲಿನಕ್ಸ್‌ಗಾಗಿ ಒಂದು ಪ್ರತ್ಯೇಕ ಕೋಣೆ ಇದೆ. ವಿದ್ಯಾರ್ಥಿನಿ ಅಲ್ಲಿ ತನ್ನ ಸಿ ಪ್ರೋಗ್ರಾಮನ್ನು ಕಂಪೈಲ್ ಮಾಡಿ ನಡೆಸಬಹುದು. ತಪ್ಪಾದರೆ ಕೋಣೆಯನ್ನೇ ಅಳಿಸಿ ಹೊಸದು ಕಟ್ಟಬಹುದು. ಶಾಲೆಯ ಆಡಳಿತಗಾರರು ಬೇಡವೆಂದರೆ ಆ ಕೋಣೆಯನ್ನು ಮುಚ್ಚಲೂಬಹುದು. ಇಂಥ ತಂತ್ರ ಮೈಕ್ರೋಸಾಫ್ಟ್ ಬಳಿ ಇಲ್ಲವೆಂದಲ್ಲ. ‘ವಿಂಡೋಸ್ ಸ್ಯಾಂಡ್‌ಬಾಕ್ಸ್’ ಎಂಬ ಬೇರ್ಪಟ್ಟ ಅಂಗಳವನ್ನು ಅದು 2019ರಲ್ಲೇ ನೀಡಿತು. ಆದರೆ ಹೋಮ್ ಆವೃತ್ತಿಗೆ ಅದಿಲ್ಲ, ಎಸ್ ಮೋಡ್ ಇರುವುದೋ ಹೋಮ್‌ನಲ್ಲಿ! ಸ್ಯಾಂಡ್‌ಬಾಕ್ಸ್‌ಗೆ ಕನಿಷ್ಠ 4 ಜಿಬಿ ಸ್ಮೃತಿ ಬೇಕು, ಅಗ್ಗದ ಯಂತ್ರ ಏದುಸಿರು ಬಿಡಬಹುದು ಎಂಬುದನ್ನು ಒಪ್ಪೋಣ. ಆದರೂ ಆ ಆಯ್ಕೆಯನ್ನೇ ಕೊಡದಿರುವುದಕ್ಕೆ ಭದ್ರತೆ ಕಾರಣವಾಗಲಾರದು.

ಇನ್ನೊಂದು ವಿಷಯದಲ್ಲಿ ಸಂಸ್ಥೆಯ ಉದ್ದೇಶವನ್ನೇ ಶಂಕಿಸಬೇಕಾಗುತ್ತದೆ. 2017ರ ಎಸ್ ಆವೃತ್ತಿಯಲ್ಲಿ ಎಡ್ಜ್ ಬಿಟ್ಟು ಬೇರೆ ಬ್ರೌಸರನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳುವಂತಿರಲಿಲ್ಲ. ಎಡ್ಜ್‌ನಲ್ಲಿ ಬಿಂಗ್ ಬದಲು ಬೇರೆ ಶೋಧಕವನ್ನು ನೆಲೆಗೊಳಿಸುವಂತಿರಲಿಲ್ಲ. ಹುಡುಕಲು ಯಾವ ತಾಣ ಬಳಸಿದರೇನು, ವೈರಸ್ ಬರುತ್ತದೆಯೇ? ಇದು ವ್ಯಾಪಾರದ ಬೀಗ. ಭದ್ರತೆಯ ಬೀಗದ ಜೊತೆ ಅದನ್ನೂ ಒಂದೇ ಸರಪಳಿಗೆ ಕಟ್ಟಿದ್ದರಿಂದ ಒಳ್ಳೆಯ ತತ್ತ್ವಕ್ಕೂ ಕೆಟ್ಟ ಹೆಸರು ಬಂತು.

ಎಲ್ಲಕ್ಕಿಂತ ವಿಚಿತ್ರವಾದದ್ದು ಬಾಗಿಲಿನ ರಚನೆ. ಎಸ್ ಮೋಡ್‌ನಿಂದ ಹೊರಬರಲು ಹಣ ಕೊಡಬೇಕಿಲ್ಲ. ಸ್ಟೋರ್‌ಗೆ ಹೋಗಿ ಒಂದು ಗುಂಡಿ ಒತ್ತಿದರಾಯಿತು. ಹೊರಬಂದ ಮೇಲೆ ಮರಳಿ ಒಳಹೋಗಲು ಮಾತ್ರ ದಾರಿಯಿಲ್ಲ. ಒಂದು ‘ನುಡಿ’ಗಾಗಿ ಬಾಗಿಲು ತೆರೆದವರು ಮುಂದೆ ಎಲ್ಲ ತಂತ್ರಾಂಶಗಳಿಗೂ ತೆರೆದುಕೊಂಡೇ ಇರಬೇಕು. ಪಾಠದ ವೇಳೆ ಬಿಚ್ಚಿ, ಸಂಜೆ ಹಾಕಿಕೊಳ್ಳುವ ಅಗುಳಿಯಂತೆ ಇದನ್ನು ರೂಪಿಸಿದ್ದರೆ ಬಹುಮಂದಿ ಶಿಕ್ಷಕರು ಸಂತೋಷದಿಂದ ಎಸ್ ಮೋಡನ್ನೇ ಉಳಿಸಿಕೊಳ್ಳುತ್ತಿದ್ದರು. 2021ರಲ್ಲಿ ಶಾಲೆಗಳಿಗೆಂದೇ ತಂದ ‘ವಿಂಡೋಸ್ 11 ಎಸ್‌ಇ’ಯಲ್ಲಿ ಕೀಲಿಕೈ ಇನ್ನೂ ದೂರ ಸರಿಯಿತು: ಯಾವ ತಂತ್ರಾಂಶ ಬೇಕೆಂಬುದು ಶಾಲೆಯ ಆಡಳಿತಗಾರರ ನಿರ್ಧಾರ, ಸ್ಟೋರ್ ಕೂಡ ಇಲ್ಲ. ಅದಕ್ಕೆ 2026ರ ಅಕ್ಟೋಬರ್‌ವರೆಗೆ ಮಾತ್ರ ಬೆಂಬಲ ಎಂದು ಸಂಸ್ಥೆ ಘೋಷಿಸಿದೆ.

ನಿಮ್ಮ ಗಣಕ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ‘ಅಬೌಟ್’ ಪುಟ ತೆರೆಯಿರಿ. ಆವೃತ್ತಿಯ ಹೆಸರಿನೊಂದಿಗೆ ಎಸ್ ಮೋಡ್ ಎಂದು ಬರೆದಿರುತ್ತದೆ. ಹೊರಬರುವ ಗುಂಡಿ ಒತ್ತುವ ಮೊದಲು ಎರಡು ಸಂಗತಿ ನೋಡಿಕೊಳ್ಳಿ. ಕನ್ನಡ ಬೆರಳಚ್ಚಷ್ಟೇ ಬೇಕಿದ್ದರೆ ವಿಂಡೋಸ್‌ನಲ್ಲೇ ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದೆ. 2019ರಿಂದ ಉಚ್ಚಾರಣೆಯಂತೆ ಬರೆಯುವ ಕೀಲಿಮಣೆಯೂ ಇದೆ. ಇವು ಎಸ್ ಮೋಡ್‌ನಲ್ಲೂ ಕೆಲಸ ಮಾಡುತ್ತವೆ. ಹಳೆಯ ಪ್ರಿಂಟರ್ ಜೋಡಿಸಬೇಕಿದ್ದರೆ, ಅದರ ಜೊತೆಗೆ ಬಂದ ಸಿ.ಡಿ.ಯ ತಂತ್ರಾಂಶ ನಡೆಯುವುದಿಲ್ಲ. ವಿಂಡೋಸ್ ತಾನಾಗಿ ಅದನ್ನು ಗುರುತಿಸುತ್ತದೆಯೇ ಎಂದು ಒಮ್ಮೆ ಜೋಡಿಸಿ ನೋಡಿ.