ಅರಮನೆಯ ನಾಟಕ ಸಭೆಯೂ ಬಸವಪ್ಪಶಾಸ್ತ್ರಿಗಳ ರೂಪಕಗಳೂ

ಮೈಸೂರು ಅರಮನೆಯ ಆಶ್ರಯದಲ್ಲಿ ೧೮೮೦ರ ದಶಕದ ಆದಿಯಲ್ಲಿ ಏರ್ಪಟ್ಟ ಶ್ರೀ ಚಾಮರಾಜೇಂದ್ರ ಕರ್ಣಾಟಕ ನಾಟಕ ಸಭೆಯು ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಅದರ ವೈಭವಕಾಲವು ಹದಿನೈದು ವರ್ಷಗಳನ್ನು ಮೀರಲಿಲ್ಲ. ಆದರೆ ಅದರ ಪರಿಸರದಲ್ಲಿ ಹುಟ್ಟಿದ ರೂಪಕಗಳು, ಅವುಗಳಲ್ಲಿಯೂ ಬಸವಪ್ಪಶಾಸ್ತ್ರಿಗಳ ಶಾಕುಂತಲವು, ಇಂದಿಗೂ ವಿದ್ವಾಂಸರ ವಿಚಾರಕ್ಕೆ ವಿಷಯವಾಗಿವೆ. ಈ ಕೃತಿಗಳು ಶ್ರವ್ಯವಾಗಿ ಶ್ಲಾಘ್ಯವಾದರೂ ದೃಶ್ಯವಾಗಿ ದುರ್ಬಲವೆಂಬ ಮಾತು ರೂಢಿಯಲ್ಲಿದೆ. ಆ ಮಾತು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದೇ ಇಲ್ಲಿನ ಪ್ರಶ್ನೆ.

ಮೊದಲು ಸಭೆಯ ಉತ್ಪತ್ತಿಯನ್ನು ನೋಡಬೇಕು. ಚಾಮರಾಜೇಂದ್ರ ಒಡೆಯರು ೧೮೮೧ರಲ್ಲಿ ರಾಜ್ಯಾಧಿಕಾರವನ್ನು ವಹಿಸಿಕೊಂಡರು. ಆ ಕಾಲದ ಸುಮಾರಿಗೆ ಸಾಂಗಲಿಯ ನಾಟಕದವರೂ ಪಾರಸಿ ಮಂಡಳಿಯವರೂ ಮೈಸೂರಿಗೆ ಬಂದು ಆಡಿದ ಆಟಗಳು ನೋಡಿದವರನ್ನು ಬೆರಗುಗೊಳಿಸಿದ್ದವು. ಸಾಂಗಲಿಯ ಪದ್ಧತಿಗೂ ಕನ್ನಡಕ್ಕೂ ಹಳೆಯ ನಂಟುಂಟು. ಉತ್ತರ ಕನ್ನಡದ ಭಾಗವತ ಮೇಳವೊಂದರ ಆಟವನ್ನು ಕಂಡು ಮೆಚ್ಚಿದ ಅಲ್ಲಿನ ಸಂಸ್ಥಾನಾಧಿಪತಿಯ ಪ್ರೇರಣೆಯಿಂದಲೇ ವಿಷ್ಣುದಾಸ ಭಾವೆಯು ೧೮೪೩ರಲ್ಲಿ ಸೀತಾಸ್ವಯಂವರವನ್ನು ಆಡಿಸಿದನು. ಕನ್ನಡ ನಾಡಿನಿಂದ ಹೋದ ಬೀಜವೇ ಪರಭಾಷೆಯ ಫಲವಾಗಿ ಮರಳಿ ಬಂದಿತು. ಇಂತಹ ಆಟಗಳು ಕನ್ನಡದಲ್ಲಿಯೂ ಆಗಬೇಕೆಂಬ ಅರಸರ ಅಭಿಲಾಷೆಯೇ ಸಭೆಯ ಸ್ಥಾಪನೆಗೆ ಕಾರಣವಾಯಿತು.

ಆಡುವುದಕ್ಕೆ ಕೃತಿಗಳು ಬೇಕಾದವು. ಅವುಗಳನ್ನು ಒದಗಿಸಿದವರಲ್ಲಿ ಆಸ್ಥಾನಕವಿ ಬಸವಪ್ಪಶಾಸ್ತ್ರಿಗಳು (೧೮೪೩–೧೮೯೧) ಅಗ್ರಗಣ್ಯರು. ಶಾಕುಂತಲ, ವಿಕ್ರಮೋರ್ವಶೀಯ, ರತ್ನಾವಳಿ, ಉತ್ತರರಾಮಚರಿತ, ಮಾಲತೀಮಾಧವ, ಚಂಡಕೌಶಿಕಗಳನ್ನು ಅವರು ಕನ್ನಡಿಸಿದರು. ಅಭಿನವ ಕಾಳಿದಾಸನೆಂಬ ಬಿರುದು ಅರಸರಿಂದ ಅವರಿಗೆ ಸಂದಿತು. ಇಂಗ್ಲಿಷನ್ನರಿಯದ ಶಾಸ್ತ್ರಿಗಳು ಸಿ. ಸುಬ್ಬರಾಯರ ನೆರವಿನಿಂದ ಷೇಕ್ಸ್‌ಪಿಯರನ ಒಥೆಲೋವನ್ನು ಶೂರಸೇನಚರಿತ್ರೆಯಾಗಿ ಪರಿವರ್ತಿಸಿದುದೂ ಸುವಿದಿತವಾಗಿದೆ. ಮೂಲದ ಶ್ಲೋಕವು ಕಣ್ಣ ಮುಂದಿಲ್ಲದ ಕಡೆಯಲ್ಲಿಯೂ ಅವರ ಲೇಖನಿಯು ನಾಟಕವನ್ನು ಕಟ್ಟಬಲ್ಲುದಾಗಿತ್ತೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ಪೂರ್ವಪಕ್ಷ. ಶಾಸ್ತ್ರಿಗಳ ಶಾಕುಂತಲಕ್ಕಿಂತ ಮೊದಲೇ, ೧೮೬೯ರಲ್ಲಿ, ಚುರಮುರಿ ಶೇಷಗಿರಿರಾಯರ ಶಾಕುಂತಲವು ಧಾರವಾಡ ಸೀಮೆಯ ಆಡುನುಡಿಯ ಸೊಗಸಿನೊಡನೆ ಹೊರಬಂದಿತ್ತು. ಅದರ ಎದುರಿಗೆ ಶಾಸ್ತ್ರಿಗಳ ಕಂದವೃತ್ತಗಳೂ ಸಂಸ್ಕೃತಭೂಯಿಷ್ಠವಾದ ಶೈಲಿಯೂ ಪಂಡಿತರಿಗಷ್ಟೇ ರುಚಿಸತಕ್ಕವು. ಪದ್ಯವು ಕಾರ್ಯದ ಗತಿಯನ್ನು ತಡೆಯುತ್ತದೆ. ಸಭೆಯು ಬೇಗನೆ ಕಳೆಗುಂದಿದುದೇ ಈ ಕೃತಿಗಳು ರಂಗಕ್ಕೆ ಒಗ್ಗಲಿಲ್ಲವೆಂಬುದಕ್ಕೆ ಪ್ರಮಾಣ. ಇದು ಆಕ್ಷೇಪದ ಸಾರ.

ಇದಕ್ಕೆ ಸಮಾಧಾನವನ್ನು ಭರತಮುನಿಯೇ ಸೂಚಿಸಿರುವನು. ನಾಟ್ಯಶಾಸ್ತ್ರದ ದ್ವಿತೀಯಾಧ್ಯಾಯದಲ್ಲಿ ವಿಕೃಷ್ಟ, ಚತುರಸ್ರ, ತ್ರ್ಯಸ್ರಗಳೆಂಬ ಮೂರು ಬಗೆಯ ಪ್ರೇಕ್ಷಾಗೃಹಗಳನ್ನು ಹೇಳಿ, ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಗೃಹವನ್ನು ವಿಧಿಸಿರುವನು. ಅದನ್ನು ಮೀರಿದರೆ ಮಾತು ಅಸ್ಫುಟವಾಗುವುದು, ಮುಖದ ಭಾವವು ಕಾಣದೆ ಹೋಗುವುದು ಎಂಬುದು ಅವನು ಕೊಡುವ ಕಾರಣ. ಕೃತಿಯ ರಂಗಯೋಗ್ಯತೆಯು ಅದನ್ನು ಆಡುವ ಗೃಹವನ್ನೂ ಕೇಳುವ ಕಿವಿಯನ್ನೂ ಅವಲಂಬಿಸಿರುವುದೆಂಬ ತತ್ತ್ವವು ಇದರಿಂದ ಸಿದ್ಧವಾಗುತ್ತದೆ. ವಾಚಿಕವೇ ನಾಟ್ಯದ ಶರೀರವೆಂಬುದೂ ಅವನ ಮತವೇ.

ಈ ತತ್ತ್ವವನ್ನು ಅರಮನೆಯ ಸಭೆಗೆ ಅನ್ವಯಿಸಿ ನೋಡಬೇಕು. ಅಲ್ಲಿನ ಸಾಮಾಜಿಕರಲ್ಲಿ ವಿದ್ವಾಂಸರೂ ಸಂಗೀತಜ್ಞರೂ ಇದ್ದರು. ಕಾಳಿದಾಸನ ಶ್ಲೋಕವನ್ನು ಕಂಠಸ್ಥ ಮಾಡಿಕೊಂಡವನಿಗೆ ಅದು ಕನ್ನಡದ ವೃತ್ತದಲ್ಲಿ ಹೇಗೆ ಮೈದಳೆಯುವುದೆಂಬ ಕುತೂಹಲವೇ ಒಂದು ರಸಸಾಮಗ್ರಿ. ಕಂದವನ್ನೂ ವೃತ್ತವನ್ನೂ ರಂಗದಲ್ಲಿ ಬರಿದೆ ಓದುತ್ತಿರಲಿಲ್ಲ, ರಾಗದಲ್ಲಿ ಹಾಡುತ್ತಿದ್ದರು. ಚತುರ್ಥಾಂಕದಲ್ಲಿ ಕಣ್ವನು ಮಗಳನ್ನು ಬೀಳ್ಕೊಡುವಾಗ ಕಾರ್ಯವು ಮುಂದೆ ಓಡಬೇಕಾಗಿಲ್ಲ. ಶೋಕವು ನಿಂತು ತುಂಬಬೇಕು. ಅಲ್ಲಿ ಪದ್ಯವು ಅಡ್ಡಿಯಲ್ಲ, ಪದ್ಯವೇ ಅಭಿನಯ. ಆದುದರಿಂದ ಈ ಕೃತಿಗಳನ್ನು ದೃಶ್ಯವಲ್ಲವೆನ್ನುವುದು ಸಾಹಸದ ಮಾತು.

ಹಾಗೆಂದು ದೋಷವಿಲ್ಲವೆಂದಲ್ಲ. ಕಾಳಿದಾಸನು ರಾಜನಿಗೆ ಸಂಸ್ಕೃತವನ್ನೂ, ಶಕುಂತಲೆಗೂ ವಿದೂಷಕನಿಗೂ ಪ್ರಾಕೃತವನ್ನೂ, ಉಂಗುರವನ್ನು ತಂದ ಬೆಸ್ತನಿಗೆ ಬೇರೊಂದು ಪ್ರಾಕೃತವನ್ನೂ ಕೊಟ್ಟು ನುಡಿಯಲ್ಲಿಯೇ ಪಾತ್ರಭೇದವನ್ನು ಸಾಧಿಸಿದನು. ಶಾಸ್ತ್ರಿಗಳ ಪ್ರೌಢವಾದ ಏಕರೂಪ ಶೈಲಿಯಲ್ಲಿ ಈ ತಾರತಮ್ಯವು ತೆಳುವಾಗಿದೆ. ಪಂಚಮಾಂಕದ ನಿರಾಕರಣದಂತಹ ಪ್ರಸಂಗಗಳು ಬೇಡುವುದು ಹರಿತವಾದ ಮಾತನ್ನು, ಸಮಾಸಭಾರವನ್ನಲ್ಲ. ಈ ಅಂಶದಲ್ಲಿ ಚುರಮುರಿಯವರ ಮಾರ್ಗವೇ ಮೂಲದ ಅಭಿಪ್ರಾಯಕ್ಕೆ ಸಮೀಪವೆಂದು ಒಪ್ಪಬೇಕು.

ಸಭೆಯು ಕಳೆಗುಂದಿದುದಕ್ಕೆ ಕಾರಣವನ್ನು ಮಾತ್ರ ಕೃತಿಯಲ್ಲಿ ಹುಡುಕುವುದು ನ್ಯಾಯವಲ್ಲ. ಕವಿಯು ನಲವತ್ತೆಂಟರ ಆಸುಪಾಸಿನಲ್ಲಿ ೧೮೯೧ರಲ್ಲಿ ತೀರಿಕೊಂಡರು. ಅರಸರು ಮೂವತ್ತೊಂದನೆಯ ವಯಸ್ಸಿನಲ್ಲಿ, ೧೮೯೪ರ ಡಿಸೆಂಬರಿನಲ್ಲಿ, ಕಲ್ಕತ್ತೆಯಲ್ಲಿ ಕಾಲವಾದರು. ಆಶ್ರಯದಾತನೊಬ್ಬನ ಅಭಿರುಚಿಯನ್ನೇ ನೆಚ್ಚಿದ ಸಂಸ್ಥೆಗೆ ಇದಕ್ಕಿಂತ ದೊಡ್ಡ ಆಘಾತವುಂಟೆ? ಗದಗಿನಲ್ಲಿ ಶಾಂತಕವಿಗಳೆಂಬ ಸಕ್ಕರಿ ಬಾಳಾಚಾರ್ಯರು ಶ್ರೀ ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ಉಷಾಹರಣವನ್ನು ಆಡಿಸಿದ್ದರು. ಅವರಿಗೆ ಅರಸನ ಬೊಕ್ಕಸವಿರಲಿಲ್ಲ. ಮರಾಠಿ ಮಂಡಳಿಗಳ ಪೈಪೋಟಿಯಿತ್ತು. ಆ ಮಂಡಳಿಯೂ ಬಹುಕಾಲ ಬಾಳಲಿಲ್ಲ. ಅಮೆರಿಕೆಯ ಪ್ರಥಮ ರಂಗಶಾಲೆಯೆನಿಸಿದ ವಿಲಿಯಮ್ಸ್‌ಬರ್ಗಿನ ಮನೆಯ ಗತಿಯೂ ಇಂತಹುದೇ. ೧೭೧೬ರ ಒಪ್ಪಂದದಂತೆ ಕಟ್ಟಲ್ಪಟ್ಟ ಅದು ೧೭೪೫ರಲ್ಲಿ ಊರಿನ ನ್ಯಾಯಸ್ಥಾನವಾಯಿತು. ಅಲ್ಲಿ ಕಟ್ಟಡವು ಉಳಿದು ಆಟವು ಹೋಯಿತು. ಮೈಸೂರಿನಲ್ಲಿ ಸಭೆಯು ಹೋಗಿ ಕೃತಿಗಳು ಉಳಿದವು.

ಕೃತಿಗಳೊಡನೆ ರೀತಿಯೂ ಉಳಿಯಿತು. ಗದ್ಯದ ನಡುವೆ ರಾಗವಾಗಿ ಏಳುವ ಕಂದವೃತ್ತಗಳ ಪದ್ಧತಿಯು ವೃತ್ತಿನಾಟಕ ಮಂಡಳಿಗಳಲ್ಲಿ ಬೆಳೆಯಿತು. ಶಾಸ್ತ್ರಿಗಳು ಕನ್ನಡಿಸಿದ ರತ್ನಾವಳಿಯ ಹೆಸರನ್ನೇ ಎ. ವಿ. ವರದಾಚಾರ್ಯರು (೧೮೬೯–೧೯೨೬) ತಮ್ಮ ಮಂಡಳಿಗೆ ಇಟ್ಟುದು ಗಮನಾರ್ಹ. ಮಂಡಳಿಗಳಿಂದ ಆ ರೀತಿಯು ಹಳ್ಳಿಗೆ ಇಳಿಯಿತು. ಮೈಸೂರಿಗೆ ಸಮೀಪದ ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಗಳಲ್ಲಿ ಇಂದಿಗೂ ಒಕ್ಕಲಮಕ್ಕಳು ಹಾರ್ಮೋನಿಯಂ ಮೇಷ್ಟರಿಂದ ಕಂದಗಳನ್ನು ಕಲಿತು ಪೌರಾಣಿಕ ನಾಟಕಗಳನ್ನು ಆಡುತ್ತಾರೆ. ಕಪಿಲೆಯ ದಡದ ಸುತ್ತೂರಿನ ಜಾತ್ರೆಯಲ್ಲಿಯೂ ನಾಟಕಗಳು ನಡೆಯುತ್ತವೆ. ಅವರಾಡುವ ಕಥೆ ಬೇರೆ, ನುಡಿ ಬೇರೆ. ಆದರೆ ರಾಜನ ಪಾತ್ರಧಾರಿಯು ಮಾತನ್ನು ನಿಲ್ಲಿಸಿ ಕಂದವನ್ನೆತ್ತಿದಾಗ ಸಾವಿರ ಜನ ಕಿವಿಗೊಡುವುದನ್ನು ಕಂಡವರು ಪದ್ಯವು ರಂಗಕ್ಕೆ ಒಗ್ಗದೆಂದು ಹೇಳಲಾರರು. ಪಂಡಿತರಿಗಷ್ಟೇ ಸಲ್ಲುವುದೆಂದ ಪದ್ಧತಿಯು ಓದುಬರಹವನ್ನು ಅಷ್ಟಾಗಿ ಕಾಣದವರ ಕಂಠದಲ್ಲಿ ನೆಲೆಸಿದುದೇ ಪೂರ್ವಪಕ್ಷಕ್ಕೆ ಉತ್ತರ.

ಆದುದರಿಂದ ಶಾಸ್ತ್ರಿಗಳ ರೂಪಕಗಳಲ್ಲಿ ಪಾತ್ರೋಚಿತ ಭಾಷೆಯ ಕೊರತೆಯುಂಟು, ರಂಗಯೋಗ್ಯತೆಯ ಕೊರತೆಯಿಲ್ಲವೆಂಬುದು ನಿರ್ಣಯ. ಇವುಗಳನ್ನು ತರಗತಿಯಲ್ಲಿ ಪ್ರತಿಪದಾರ್ಥಕ್ಕೆ ಮಾತ್ರ ಕಟ್ಟಿಹಾಕುವುದರಿಂದಲೇ ಶ್ರವ್ಯಮಾತ್ರವೆಂಬ ಭ್ರಾಂತಿಯು ಬೆಳೆಯಿತು. ಉಪಾಧ್ಯಾಯರು ಒಂದೊಂದು ಅಂಕವನ್ನಾದರೂ ಹಾಡಿಸಿ, ಆಡಿಸಿ ಪಾಠ ಹೇಳುವುದು ಯುಕ್ತ. ಹಾಗೆ ಕೇಳಿದ ಮೇಲೆಯೇ ಈ ಕೃತಿಗಳ ಗುಣದೋಷವಿಚಾರಕ್ಕೆ ಅಧಿಕಾರ ಬರುವುದು.