ಕಾಳಗದ ನಡುವೆ ಹಿಂತಿರುಗಿ ನೋಡುವವರು

ಪುಣೆಯ ಹಿಂಜವಾಡಿ ಐಟಿ ಪಾರ್ಕಿನಲ್ಲಿ ಜಪಾನಿ ಅನಿಮೆ ಸರಣಿ 'ಡೀಮನ್ ಸ್ಲೇಯರ್' ಬಗ್ಗೆ ಜಗಳವೇ ಇಲ್ಲ ಎಂಬುದೇ ನನ್ನ ತಕರಾರು. ಫೇಸ್ ಒನ್‌ನ ಕ್ಯಾಂಟೀನಿರಲಿ, ಮಾಣ್ ಕಡೆಯ ಪಿಜಿ ಇರಲಿ, ಬೆಳಗಾವಿ, ವಿಜಯಪುರ, ಬಾಗಲಕೋಟೆಯಿಂದ ಬಂದು ಕೋಡು ಬರೆಯುವ ಹುಡುಗರ ಬಾಯಲ್ಲಿ ಒಂದೇ ಮಾತು: 'ಸ್ಟೋರಿ ಏನಿಲ್ರಿ, ಅನಿಮೇಷನ್ ಮಾತ್ರ ಬೆಂಕಿ.' ಹೊಗಳುವವರೂ ತೆಗಳುವವರೂ ಇದನ್ನೇ ಹೇಳುತ್ತಾರೆ. ಒತ್ತು ಬೀಳುವ ಜಾಗ ಮಾತ್ರ ಬೇರೆ. 2025ರ ಸೆಪ್ಟೆಂಬರ್ 12ರಂದು ಸರಣಿಯ ಸಿನಿಮಾ 'ಇನ್ಫಿನಿಟಿ ಕ್ಯಾಸಲ್' ಭಾರತದಲ್ಲಿ ತೆರೆಕಂಡ ಮೇಲೆ ಈ ತೀರ್ಪು ಇನ್ನಷ್ಟು ಗಟ್ಟಿಯಾಯಿತು. (ಹಿಂದಿ, ತಮಿಳು, ತೆಲುಗಿಗೆ ಡಬ್ ಆಯಿತು, ಕನ್ನಡಕ್ಕೆ ಆಗಲಿಲ್ಲ. ಕನ್ನಡಕ್ಕೆ ಡಬ್ಬಿಂಗ್ ತಡೆದವರಿಗೆ ಸ್ಪರ್ಧಾ ಆಯೋಗ 2015ರಲ್ಲೇ ದಂಡ ಹಾಕಿತ್ತು. ಹತ್ತು ವರ್ಷ ಕಳೆದರೂ ನಮ್ಮವರು ರಕ್ಕಸರನ್ನು ಬೇಟೆಯಾಡುವ ನಾಯಕ ತಾಂಜಿರೊನನ್ನು ಹಿಂದಿಯಲ್ಲೋ ಇಂಗ್ಲಿಷ್ ಸಬ್‌ಟೈಟಲ್‌ನಲ್ಲೋ ನೋಡಬೇಕಾಯಿತು.)

ಸರಣಿಯ ದೋಷಗಳನ್ನು ಯಾರೂ ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ಎದುರು ಬಂದು ನಿಲ್ಲುತ್ತವೆ. ತಾಂಜಿರೊನ ಗೆಳೆಯ ಝೆನಿತ್ಸುವಿನ ಕಿರುಚಾಟ ಹಾಸ್ಯವಲ್ಲ, ಹೆಣ್ಣು ಕಂಡಲ್ಲಿ ಅವನು ಮಾಡುವುದಂತೂ ಹಾಸ್ಯದ ಹತ್ತಿರಕ್ಕೂ ಬರುವುದಿಲ್ಲ. ಕಣ್ಣಿಗೆ ಕಂಡದ್ದನ್ನೇ ಪಾತ್ರಗಳು ಬಾಯಿಬಿಟ್ಟು ಇನ್ನೊಮ್ಮೆ ಹೇಳುತ್ತವೆ. ಇವುಗಳ ಜೊತೆಗೆ ಎಲ್ಲರೂ ಬೆರಳು ಮಾಡುವ ದೋಷ ಇನ್ನೊಂದಿದೆ: ಕತ್ತಿ ಎತ್ತಿದ ಕೈ ಅಲ್ಲೇ ನಿಲ್ಲುತ್ತದೆ, ಫ್ಲ್ಯಾಶ್‌ಬ್ಯಾಕ್ ಶುರುವಾಗುತ್ತದೆ. ಮೊದಲೆರಡನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮೂರನೆಯದನ್ನು ತೆಗೆದುಹಾಕಿದರೆ ಈ ಸರಣಿಯಲ್ಲಿ ಮೆಚ್ಚಲು ಏನೂ ಉಳಿಯುವುದಿಲ್ಲ. ಜನ 'ಅನಿಮೇಷನ್' ಎಂದು ಕರೆದು ಮೆಚ್ಚುತ್ತಿರುವುದು ಇದನ್ನೇ.

2019ರ ಆಗಸ್ಟ್ 10ರಂದು ಪ್ರಸಾರವಾದ 19ನೇ ಎಪಿಸೋಡನ್ನೇ ತೆಗೆದುಕೊಳ್ಳಿ. ಸರಣಿಯ ಕೀರ್ತಿಯೆಲ್ಲ ನಿಂತಿರುವುದು ಅದರ ಮೇಲೆ. ಜೇಡರ ಬೆಟ್ಟದಲ್ಲಿ ರೂಯಿ ಎಂಬ ರಕ್ಕಸ ಹುಡುಗನ ದಾರಕ್ಕೆ ಸಿಕ್ಕಿ ತಾಂಜಿರೊನ ಕತ್ತಿ ಮುರಿದಿದೆ. ರಕ್ಕಸಿಯಾಗಿ ಬದಲಾದ ತಂಗಿ ನೆಝುಕೊ ಅದೇ ದಾರಗಳಲ್ಲಿ ಮೇಲೆ ನೇತಾಡುತ್ತಿದ್ದಾಳೆ. ಕಲಿತ ನೀರಿನ ವಿದ್ಯೆಯ ಹತ್ತನೆಯ, ಕೊನೆಯ ವರಸೆಯನ್ನೂ ಅವನು ಬಳಸಿ ಮುಗಿಸಿದ್ದಾನೆ. ರೂಯಿ ರಕ್ತ ಬೆರೆಸಿ ಇನ್ನೂ ಗಟ್ಟಿಯಾದ ಕೆಂಪು ದಾರದ ಬಲೆ ಬೀಸುತ್ತಾನೆ. ಸಾವು ಖಚಿತವಾದ ಆ ಕ್ಷಣದಲ್ಲಿ ಚಿತ್ರ ಹಿಂದಕ್ಕೆ ಹೋಗುತ್ತದೆ: ಹಿಮ ಬೀಳುವ ರಾತ್ರಿ, ಹೊಸವರ್ಷ, ಹಾಸಿಗೆ ಹಿಡಿಯುವಷ್ಟು ಬಡಕಲಾದ ತಂದೆ ಬೆಂಕಿದೇವರ ಕುಣಿತವನ್ನು ಬೆಳಗಿನವರೆಗೂ ಕುಣಿಯುತ್ತಿದ್ದಾನೆ. ದಣಿಯದಂತೆ ಉಸಿರಾಡುವ ಒಂದು ಬಗೆಯಿದೆ ಎಂದು ಮಗನಿಗೆ ಹೇಳುತ್ತಾನೆ. ಚಿತ್ರ ವರ್ತಮಾನಕ್ಕೆ ಮರಳಿದಾಗ ಕತ್ತಿಯ ಸುತ್ತ ಹರಿಯುತ್ತಿದ್ದ ನೀಲಿ ನೀರು ಬೆಂಕಿಯಾಗಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಸಾಮಾನ್ಯ ತಂತ್ರವಾಗುತ್ತಿತ್ತು. ಆದರೆ ನೆನಪು ಎರಡನೆಯ ಸಲ ಬರುತ್ತದೆ, ಈ ಬಾರಿ ತಂಗಿಗೆ. ಪ್ರಜ್ಞೆ ತಪ್ಪಿದ ನೆಝುಕೊಗೆ ಸತ್ತ ತಾಯಿ ಕಾಣಿಸಿ ಅಣ್ಣನನ್ನು ಉಳಿಸು ಎನ್ನುತ್ತಾಳೆ. ನೆಝುಕೊ ಕೈಚಾಚುತ್ತಾಳೆ, ದಾರಕ್ಕೆ ಹತ್ತಿದ ಅವಳ ರಕ್ತವೇ ಹೊತ್ತಿಕೊಳ್ಳುತ್ತದೆ, ಅಣ್ಣನ ಮುರಿದ ಕತ್ತಿಗೆ ಸಿಡಿದ ಹನಿಗಳೂ ಉರಿದು ಏಟಿಗೆ ವೇಗ ಕೊಡುತ್ತವೆ. ಗೊ ಶೀನಾ ಸಂಯೋಜಿಸಿ ನಾಮಿ ನಾಕಾಗಾವಾ ಹಾಡಿದ ಹಾಡು ಅಷ್ಟರಲ್ಲಿ ಮೇಲೆ ಬಂದಿರುತ್ತದೆ. ಅದರ ಲಯ ಗಮನಿಸಿ. ಕಾಳಗ ಓಡುತ್ತದೆ, ಹಾಡು ಓಡುವುದಿಲ್ಲ. ಜೋಗುಳದ ನಡೆಯಲ್ಲಿ, ತಂದೆಯ ಕುಣಿತದ ಕಾಲದಲ್ಲೇ ಉಳಿಯುತ್ತದೆ. ಕಣ್ಣು ಕಾಳಗದಲ್ಲಿದ್ದರೆ ಕಿವಿ ಹಿಮದ ರಾತ್ರಿಯಲ್ಲಿದೆ. ಯುಫೊಟೇಬಲ್ ಸ್ಟುಡಿಯೊದವರು ಕೈಯಿಂದ ಬಿಡಿಸಿದ ಗೆರೆಗೆ ಕಂಪ್ಯೂಟರಿನ ಬೆಳಕು, ಕ್ಯಾಮೆರಾ ಚಲನೆ ಬೆಸೆಯುವುದರಲ್ಲಿ ನಿಸ್ಸೀಮರು, ನಿಜ. ಆದರೆ ಇದೇ ಕೌಶಲ ಅದಕ್ಕೂ ಮುಂಚಿನ ಹದಿನೆಂಟು ಕಂತುಗಳಲ್ಲೂ ಇತ್ತು. ಆಗ ಯಾರೂ ಎದ್ದು ಕೂರಲಿಲ್ಲ. ಕೊಯೊಹಾರು ಗೊತೊಗೆಯ ಮಾಂಗಾದಲ್ಲಿ ಕೆಲವೇ ಪುಟಗಳಲ್ಲಿ ಮುಗಿಯುವ ಈ ಘಟನೆಯನ್ನು ನಿರ್ದೇಶಕ ಹರುವೊ ಸೊತೊಝಾಕಿ ಹಿಗ್ಗಿಸಿರುವುದು ಎರಡು ಕಾಲಗಳನ್ನು ಒಂದೇ ಏಟಿನಲ್ಲಿ ಕೂಡಿಸುವುದಕ್ಕೆ.

ಅದೇ ಕ್ಷಣದಲ್ಲಿ ತಾಂಜಿರೊ, ತನ್ನ ಮತ್ತು ತಂಗಿಯ ನಂಟನ್ನು ಯಾರಿಂದಲೂ ಕಡಿಯಲಾಗದು ಎಂದು ಕೂಗುತ್ತಾನೆ. ದಾರ ಕಡಿದಿದೆ, ರಕ್ತ ಉರಿದಿದೆ, ಇನ್ನು ಈ ಮಾತೇಕೆ? ಸರಣಿಯ ಅತ್ಯುತ್ತಮ ಗಳಿಗೆಯಲ್ಲಿ ಅದರ ಅತ್ಯಂತ ಅನಗತ್ಯ ವಾಕ್ಯ ಕೂತಿದೆ. ಸಾಲದ್ದಕ್ಕೆ ಮುಂದಿನ ಕಂತಿನಲ್ಲಿ, ರೂಯಿ ಏಟು ತಗಲುವ ಮೊದಲೇ ತನ್ನ ತಲೆಯನ್ನು ತಾನೇ ಕಡಿದುಕೊಂಡು ಬದುಕುಳಿದಿದ್ದ ಎಂದು ತಿಳಿಯುತ್ತದೆ. ಗೆಲುವೇ ಸುಳ್ಳು. 'ಕಥೆ ಸಾಧಾರಣ' ಎನ್ನುವವರು ಹಿಡಿಯಬೇಕಾದ ತಪ್ಪು ಇದು. ಅದನ್ನು ಬಿಟ್ಟು ಫ್ಲ್ಯಾಶ್‌ಬ್ಯಾಕಿಗೆ ಗಂಟುಬಿದ್ದಿದ್ದಾರೆ.

ಗಂಟುಬಿದ್ದವರಲ್ಲಿ ಕನ್ನಡ ಓದಿಕೊಂಡವರೂ ಇದ್ದಾರೆ ಎಂಬುದೇ ಸೋಜಿಗ. ಯುದ್ಧದ ನಡುವೆ ಹಿಂದಿನದನ್ನು ಹೇಳುವುದು ಕಚ್ಚಾ ಕಥನವಂತೆ, ಟಿವಿಯವರ ಹೊಟ್ಟೆಪಾಡಂತೆ. ಹಾಗಾದರೆ ಮುಧೋಳದ ರನ್ನ ಮಾಡಿದ್ದೇನು? ಸಾವಿರ ವರ್ಷದ ಹಿಂದೆ ಅವನು ಇಡೀ ಮಹಾಭಾರತವನ್ನು ಭೀಮ ದುರ್ಯೋಧನರ ಗದಾಯುದ್ಧವೊಂದರೊಳಕ್ಕೆ ಸಿಂಹಾವಲೋಕನದಿಂದ ಎಳೆದುಕೊಂಡ. ಜೂಜು, ವನವಾಸ, ಹದಿನೇಳು ದಿನದ ಕಾಳಗ ಎಲ್ಲವೂ ಹಿಂದೆ ನಡೆದುಹೋದವು. ಈಗ ಪಾತ್ರಗಳ ಬಾಯಲ್ಲಿ, ಸೇಡಿನಲ್ಲಿ, ಅಳುವಿನಲ್ಲಿ ಮರಳುತ್ತವೆ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆಯುತ್ತ ದ್ರೋಣನ ಮುಂದೆ, ಸ್ವಂತ ಮಗನ ಮುಂದೆ, ವೈರಿಯ ಮಗ ಅಭಿಮನ್ಯುವಿನ ಮುಂದೆ, ದುಶ್ಶಾಸನನ ಮುಂದೆ, ಕರ್ಣನ ಮುಂದೆ ನಿಲ್ಲುತ್ತಾನೆ. ಕಥೆ ಅಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆ ನಡಿಗೆಯನ್ನು ಯಾವ ಕನ್ನಡ ಮೇಷ್ಟರೂ ದೋಷವೆಂದು ಪಾಠ ಮಾಡಿಲ್ಲ. ಬಿ.ಎಂ.ಶ್ರೀ. ರನ್ನನ ಪದ್ಯಗಳನ್ನೇ ಜೋಡಿಸಿ ದುರ್ಯೋಧನನ ದುರಂತವನ್ನು ನಾಟಕ ಮಾಡಿದ್ದು ಆ ನಡಿಗೆಯ ಬಲದ ಮೇಲೆಯೇ. ಚಂಪುವಿನಲ್ಲಿ ಗುಣವಾದದ್ದು ಅನಿಮೆಯಲ್ಲಿ ದೋಷ ಹೇಗಾಯಿತು? ಮಕ್ಕಳ ಕಾರ್ಟೂನೆಂಬ ಉಡಾಫೆ ಬಿಟ್ಟರೆ ಬೇರೆ ಕಾರಣ ನನಗೆ ಕಾಣದು. ಗೊತೊಗೆ ರನ್ನನ ಸಮ ಎಂದು ನಾನು ಹೇಳುತ್ತಿಲ್ಲ. ಆದರೆ ಅಳೆಯುವ ಕೋಲು ಒಂದೇ ಇರಲಿ.

ಹಾಗೆಂದು ಹಿಂತಿರುಗಿ ನೋಡಿದ್ದೆಲ್ಲ ಕಲೆಯಾಗುವುದಿಲ್ಲ. 'ನರುಟೊ' ಅನಿಮೆಯಲ್ಲಿ ಒಂಟಿ ಹುಡುಗ ಉಯ್ಯಾಲೆಯ ಮೇಲೆ ಕೂತ ದೃಶ್ಯ ಎಷ್ಟು ಸಲ ಬರುತ್ತದೆಂದರೆ ಅಭಿಮಾನಿಗಳೇ ಅದನ್ನು ಹಾಸ್ಯ ಮಾಡುತ್ತಾರೆ. ಮೊದಲ ಸಲ ತಿಳಿದದ್ದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ, ಪಾತ್ರದ ಮುಂದಿನ ಏಟನ್ನೂ ಬದಲಿಸುವುದಿಲ್ಲ. ವಾರವಾರದ ಪ್ರಸಾರಕ್ಕೆ ನಿಮಿಷ ತುಂಬುವ ಕೆಲಸವದು. ತಾಂಜಿರೊನ ನೆನಪು ಅವನ ಉಸಿರನ್ನು ಬದಲಿಸುತ್ತದೆ, ಉಸಿರು ಕೈಯನ್ನು ಬದಲಿಸುತ್ತದೆ. 'ಡೀಮನ್ ಸ್ಲೇಯರ್'ನಲ್ಲೂ ಈ ಭೇದ ಸಿಗುತ್ತದೆ. ರೂಯಿಯ ಬಾಲ್ಯದ ಕಥೆ ಬರುವುದು ಹಿರಿಯ ಬೇಟೆಗಾರ ಗಿಯು ಬಂದು ಅವನ ತಲೆ ತೆಗೆದ ಮೇಲೆ. ಅಲ್ಲಿ ಅದು ಬರೀ ಕರುಣೆಯ ಭಿಕ್ಷೆ. ಸಾಯುವ ಪ್ರತಿ ರಕ್ಕಸನಿಗೂ ಹೀಗೆ ಒಂದು ಕಣ್ಣೀರಿನ ಕಂತು ಹಂಚುವುದು ಸರಣಿಗೆ ಚಟವಾಗಿಬಿಟ್ಟಿದೆ.

'ಇನ್ಫಿನಿಟಿ ಕ್ಯಾಸಲ್' ಬಂದಾಗ ಎದ್ದ ದೂರೂ ಇದೇ: 155 ನಿಮಿಷದ ಚಿತ್ರದಲ್ಲಿ ಅಕಾಝಾ ಎಂಬ ರಕ್ಕಸನ ಪೂರ್ವಕಥೆ ಉದ್ದವಾಯಿತು, ಕಾಳಗ ತಣ್ಣಗಾಯಿತು. ನನಗೆ ಚಿತ್ರ ನಿಂತಿರುವುದೇ ಅಲ್ಲಿ. ಕೋಟೆಯ ತಿರುಗುವ ಕೋಣೆಗಳನ್ನು ಎಲ್ಲರೂ ಬಾಯಿ ಬಿಟ್ಟು ನೋಡುತ್ತಾರೆ, ನನಗೆ ಅರ್ಧ ಗಂಟೆಗೆ ಸಾಕಾಯಿತು. ಅಕಾಝಾ ಕಾದಾಡುವಾಗ ಕಾಲಡಿ ಮೂಡುವ ಹಿಮದ ಹರಳಿನ ಚಿತ್ತಾರವನ್ನು ನಾವು ಹಿಂದಿನ ಸಿನಿಮಾ 'ಮುಗೆನ್ ಟ್ರೇನ್'ನಿಂದಲೂ ನೋಡುತ್ತಿದ್ದೇವೆ. ಅವನು ಮನುಷ್ಯನಾಗಿದ್ದಾಗ ಮದುವೆಯಾಗಬೇಕಿದ್ದ ಕೊಯುಕಿಯ ಮುಡಿಯಲ್ಲಿದ್ದದ್ದು ಅದೇ ಹರಳು. ಪಕ್ಕದ ಗರಡಿಯವರು ಬಾವಿಗೆ ವಿಷ ಹಾಕಿ ಅವಳನ್ನೂ ಗುರುವನ್ನೂ ಕೊಂದರು, ಅವನು ಬರಿಗೈಯಲ್ಲಿ 67 ಜನರನ್ನು ಮುಗಿಸಿದ. ಈ ನೆನಪು ಬರುವುದು ತಲೆ ಹೋದ ಮೇಲೂ ಅವನ ಮುಂಡ ಕಾದಾಡುತ್ತಿರುವಾಗ. ತಾಂಜಿರೊನ ಕತ್ತಿಗೆ ಬೀಳದ ದೇಹ ಈ ನೆನಪಿಗೆ ಬೀಳುತ್ತದೆ. ಮುಷ್ಟಿ ತಿರುಗಿ ತನಗೇ ಬಡಿಯುತ್ತದೆ. ಗೆದ್ದವರು ಯಾರು ಎಂದು ತಾಂಜಿರೊನೂ ಹೇಳಲಾರ. ರೂಯಿಯ ಸುಳ್ಳು ಸೋಲಿಗೆ ಆರು ವರ್ಷದ ನಂತರ ಸಿಕ್ಕ ಉತ್ತರವಿದು.

ಕತ್ತರಿ ಬೀಳಬೇಕಾದದ್ದು ಅದೇ ಚಿತ್ರದ ಆರಂಭಕ್ಕೆ. ರಕ್ಕಸ ದೋಮಾನ ಎದುರು ಕುಸಿದ ಬೇಟೆಗಾರ್ತಿ ಶಿನೊಬುವಿನ ಮುಂದೆ ಸತ್ತ ಅಕ್ಕ ಕಾಣಿಸಿ ಏಳು ಎನ್ನುತ್ತಾಳೆ. ನೆಝುಕೊಗೆ ತಾಯಿ ಹೇಳಿದ ಮಾತೇ, ಅದೇ ಕೋನ, ಅದೇ ಕಣ್ಣೀರು. ಅವಳು ಏಳುವುದು ನಮಗೆ ಮೊದಲೇ ಗೊತ್ತು. ಅನಿಮೇಷನ್ ಬೆಂಕಿ ಎನ್ನುವವರೂ ಫ್ಲ್ಯಾಶ್‌ಬ್ಯಾಕ್ ಹೆಚ್ಚಾಯಿತು ಎನ್ನುವವರೂ ಈ ದೃಶ್ಯದ ಬಗ್ಗೆ ಮಾತ್ರ ಒಂದಕ್ಷರ ಎತ್ತುವುದಿಲ್ಲ.