ತಾಮ್ರದ ತಗಡಿನ ಮೇಲೆ ಶೇಕ್ಸ್‌ಪಿಯರ್

ಶೇಕ್ಸ್‌ಪಿಯರ್ ತೀರಿಕೊಂಡು ಏಳು ವರ್ಷಗಳ ಮೇಲೆ, 1623ರಲ್ಲಿ, ಅವನ ಜೊತೆ ನಟಿಸುತ್ತಿದ್ದ ಹೆಮಿಂಜ್ ಮತ್ತು ಕಾಂಡೆಲ್ ಅವನ ನಾಟಕಗಳನ್ನು ಒಂದು ದೊಡ್ಡ ಪುಸ್ತಕವಾಗಿ ಹೊರತಂದರು. ಅದರ ಮೊದಲ ಪುಟದಲ್ಲಿರುವುದು ಮಾರ್ಟಿನ್ ಡ್ರೂಶೌಟ್ ಕೆತ್ತಿದ ಭಾವಚಿತ್ರ. ಕಲಾವಿಮರ್ಶಕರು ಇದನ್ನು ಹಳಿದದ್ದೇ ಹೆಚ್ಚು. ಹಳಿಯಲು ಕಾರಣವೂ ಇದೆ. ಮೈಗೆ ಹೋಲಿಸಿದರೆ ತಲೆ ದೊಡ್ಡದು. ಅಗಲವಾದ ಬಿಳಿ ಕಾಲರಿನ ಮೇಲೆ ಅದು ತಟ್ಟೆಯಲ್ಲಿ ಇಟ್ಟ ಹಣ್ಣಿನಂತೆ ಕೂತಿದೆ, ಕತ್ತು ಇದ್ದಂತೆಯೇ ಕಾಣುವುದಿಲ್ಲ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂಬುದೂ ತಿಳಿಯದು.

ಆದರೂ ನನಗೆ ಈ ಚಿತ್ರದ ಮೇಲೆ ಗೌರವವಿದೆ. ಕವಿಯನ್ನು ಕಣ್ಣಾರೆ ಕಂಡವರೇ ಇದನ್ನು ಪುಸ್ತಕದ ಬಾಗಿಲಲ್ಲಿ ಇಟ್ಟರು. ಎದುರು ಪುಟದಲ್ಲಿ ಬೆನ್ ಜಾನ್ಸನ್ ಬರೆದ ಪುಟ್ಟ ಪದ್ಯವೂ ಚಿತ್ರವನ್ನು ಬಿಟ್ಟು ಪುಸ್ತಕ ನೋಡಿ ಎಂದೇ ಓದುಗರನ್ನು ಕಳಿಸುತ್ತದೆ. ಡ್ರೂಶೌಟ್ ಇವನನ್ನು ಮಹಾಕವಿಯಂತೆ ಸಿಂಗರಿಸಲಿಲ್ಲ. ಬೋಳು ಹಣೆ, ನೇರ ನೋಟ, ಗುಂಡಿ ಹಾಕಿದ ಅಂಗಿ, ಅಷ್ಟೆ. ಈ ಬಡತನವೇ ಚಿತ್ರವನ್ನು ನಂಬುವಂತೆ ಮಾಡುತ್ತದೆ.

ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಬಂದ ಜಾನ್ ಬಾಯ್ಡೆಲ್‌ಗೆ ಬಡತನ ಬೇಕಿರಲಿಲ್ಲ. ತಾನೇ ಕೆತ್ತನೆಗಾರನಾಗಿ ಬೆಳೆದು ಮುದ್ರಿತ ಚಿತ್ರಗಳ ವ್ಯಾಪಾರದಲ್ಲಿ ಸಿರಿವಂತನಾದವನು ಅವನು. ರೆನಾಲ್ಡ್ಸ್, ರಾಮ್ನಿ, ಫ್ಯೂಸಲಿ, ಬೆಂಜಮಿನ್ ವೆಸ್ಟ್ ಮೊದಲಾದವರಿಂದ ನಾಟಕದ ದೃಶ್ಯಗಳನ್ನು ಬರೆಸಿ, 1789ರಲ್ಲಿ ಲಂಡನ್ನಿನ ಪಾಲ್‌ಮಾಲ್‌ನಲ್ಲಿ ಶೇಕ್ಸ್‌ಪಿಯರ್ ಗ್ಯಾಲರಿ ತೆರೆದ. ಗ್ಯಾಲರಿ ಬರೀ ಮುಖಮಂಟಪ, ಲಾಭ ಬರಬೇಕಿದ್ದದ್ದು ಚಂದಾದಾರರಿಗೆ ಮಾರುವ ಅಚ್ಚುಗಳಿಂದ.

ಸೋತದ್ದೂ ಅಲ್ಲಿಯೇ. ಉಳಿಯಿಂದ ತಾಮ್ರದಲ್ಲಿ ಗೆರೆ ತೋಡುವ ಕೆಲಸ ನಿಧಾನ. ಒಂದು ದೊಡ್ಡ ತಗಡಿಗೆ ವರ್ಷಗಳೇ ಹಿಡಿಯಬಹುದು. ಅದಕ್ಕೇ ಬಾಯ್ಡೆಲ್‌ನ ಬಹುಪಾಲು ತಗಡುಗಳು ಗೆರೆಯ ಬದಲು ಚುಕ್ಕಿಗಳನ್ನು ಕೂಡಿಸಿ ಮಾಡುವ ಚುಕ್ಕಿ ಕೆತ್ತನೆಯವು. ಚುಕ್ಕಿ ಬೇಗ ಮುಗಿಯುತ್ತದೆ, ಕೆನ್ನೆಗೂ ರೇಷ್ಮೆಗೂ ಒಪ್ಪುತ್ತದೆ. ಆದರೆ ಕೊಲೆಗೂ ಬಿರುಗಾಳಿಗೂ ಅದೇ ನುಣುಪು ಹಚ್ಚಿದರೆ ನಾಟಕದ ಕಸುವು ಇಳಿದುಹೋಗುತ್ತದೆ. ಚಂದಾದಾರರು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ.

ವೆಸ್ಟ್‌ನ 'ಬಿರುಗಾಳಿಯಲ್ಲಿ ಲಿಯರ್' ಚಿತ್ರವನ್ನು ವಿಲಿಯಂ ಶಾರ್ಪ್ 1793ರಲ್ಲಿ ಕೆತ್ತಿದ ಬಗೆಯನ್ನು ಇದರ ಪಕ್ಕದಲ್ಲಿಡಿ. ಇಲ್ಲಿ ದುಡಿದಿರುವುದು ಗೆರೆ. ಬಟ್ಟೆಯ ಮಡಿಕೆಗಳಲ್ಲಿ ಗೆರೆ ಬಾಗುತ್ತದೆ, ನೆರಳಿನಲ್ಲಿ ಗೆರೆಯ ಮೇಲೆ ಗೆರೆ ಹಾಯ್ದು ಕಪ್ಪು ದಟ್ಟವಾಗುತ್ತದೆ. ಬಣ್ಣವೇ ಇಲ್ಲದೆ ಗಾಳಿಯ ರಭಸ ಕಣ್ಣಿಗೆ ಬಡಿಯುತ್ತದೆ. ಹಾಗೆಂದು ಚುಕ್ಕಿಯೆಲ್ಲ ಸಪ್ಪೆ ಎನ್ನಲಾರೆ. ಫ್ಯೂಸಲಿಯ 'ಹ್ಯಾಮ್ಲೆಟ್ ಮತ್ತು ಪ್ರೇತ' ರಾಬರ್ಟ್ ಥ್ಯೂ ಕೈಗೆ ಸಿಕ್ಕಾಗ ಅದೇ ಚುಕ್ಕಿ ಚಳಿ ಹುಟ್ಟಿಸುತ್ತದೆ. ಪ್ರೇತದ ಹಿಂದೆ ಹರಡಿದ ತಿಂಗಳ ಬೆಳಕು ಕಾಗದದ ಬಿಳಿಯೇ. ಗೆಳೆಯರು ಹಿಡಿದೆಳೆದರೂ ಹ್ಯಾಮ್ಲೆಟ್ ಅದರತ್ತಲೇ ನುಗ್ಗುತ್ತಾನೆ. ಕೆತ್ತನೆಗಾರ ಬರೀ ನಕಲುಗಾರನಲ್ಲ ಎಂಬುದಕ್ಕೆ ಈ ಎರಡು ತಗಡುಗಳು ಸಾಕು.

ಫ್ರಾನ್ಸಿನ ಕ್ರಾಂತಿ ಮತ್ತು ಯುದ್ಧದಿಂದ ಯೂರೋಪಿನ ಮಾರುಕಟ್ಟೆ ಕೈತಪ್ಪಿ ಬಾಯ್ಡೆಲ್ ಸಾಲಕ್ಕೆ ಬಿದ್ದ. ಗ್ಯಾಲರಿಯನ್ನೇ ಲಾಟರಿಗಿಟ್ಟು, 22,000 ಟಿಕೆಟ್ ಮಾರಾಟವಾದ ಮೇಲೆ, ಚೀಟಿ ಎತ್ತುವ ಮುಂಚೆಯೇ 1804ರ ಡಿಸೆಂಬರಿನಲ್ಲಿ ತೀರಿಕೊಂಡ. ಗೆದ್ದವನು ಚಿತ್ರಗಳನ್ನು 1805ರಲ್ಲಿ ಕ್ರಿಸ್ಟೀಸ್‌ನಲ್ಲಿ ಹರಾಜು ಹಾಕಿಸಿದ. ಅವುಗಳಲ್ಲಿ ಎಷ್ಟೋ ಕಳೆದುಹೋದವು, ಕೆಲವನ್ನು ಕತ್ತರಿಸಿ ತುಂಡು ಮಾಡಲಾಯಿತು. ಆ ಗ್ಯಾಲರಿ ಹೇಗಿತ್ತೆಂದು ಇವತ್ತು ತಿಳಿಯುವುದು ಮುಖ್ಯವಾಗಿ ಅಚ್ಚುಗಳಿಂದಲೇ.

ಬ್ರಿಟಿಷ್ ಮ್ಯೂಸಿಯಂ ಮತ್ತು ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯದ ಜಾಲತಾಣಗಳಲ್ಲಿ ಇಂಥ ಚಿತ್ರಗಳನ್ನು ಹಿಗ್ಗಿಸಿ ನೋಡಬಹುದು. ಹ್ಯಾಮ್ಲೆಟ್, ಲಿಯರ್ ಪಾಠ ಮಾಡುವ ನಮ್ಮ ಮೇಷ್ಟ್ರುಗಳು ಥ್ಯೂ ಮತ್ತು ಶಾರ್ಪ್‌ರ ಈ ಎರಡನ್ನಾದರೂ ತರಗತಿಯಲ್ಲಿ ತೋರಿಸಲಿ.